ಕೊನೆಯ ಕೆಂಪು ಕಾರು: ಆಸ್ಟ್ರೇಲಿಯಾ ಕಾರು ತಯಾರಿಸೋದನ್ನ ಯಾಕೆ ನಿಲ್ಲಿಸ್ತು?

ಇವತ್ತಿನ ಎಪಿಸೋಡ್‌ನ ಒಂದು ಕೆಂಪು ಕಾರಿನಿಂದ ಶುರು ಮಾಡೋಣ.

2017ರ ಅಕ್ಟೋಬರ್ 20. ಆಸ್ಟ್ರೇಲಿಯಾದ ಅಡಿಲೇಡ್ ಪಕ್ಕ ಎಲಿಜಬೆತ್ ಅಂತ ಒಂದು ಊರು. ಅಲ್ಲಿನ ಹೋಲ್ಡನ್ ಕಾರ್ಖಾನೆಯಿಂದ ಕೊನೆಯ ಕಮಡೋರ್ ಕಾರು ಹೊರಗೆ ಬಂತು. ಅವತ್ತಿಗೆ ಅಲ್ಲಿ ಉಳಿದಿದ್ದ ಸುಮಾರು 950 ಜನರ ಕೆಲಸ ಮುಗೀತು. ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಕಾರು ತಯಾರಿಸುವ ಉದ್ಯಮವೂ ಅಲ್ಲಿಗೇ ಮುಗೀತು.

ಹೋಲ್ಡನ್ ಸಣ್ಣ ಹೆಸರಲ್ಲ. 1856ರಲ್ಲಿ ಕುದುರೆ ಜೀನು ಮಾಡುವ ಅಂಗಡಿಯಾಗಿ ಶುರುವಾದ ಕಂಪನಿ, ಮುಂದೆ ಅಮೆರಿಕದ ಜನರಲ್ ಮೋಟಾರ್ಸ್ ಕೈಗೆ ಹೋಯ್ತು. 1948ರಲ್ಲಿ ಅದರ ಮೊದಲ ಕಾರನ್ನು ಅನಾವರಣ ಮಾಡಿದವರು ಪ್ರಧಾನಿ ಬೆನ್ ಚಿಫ್ಲಿ. 1970ರ ದಶಕದ ಆರಂಭದಲ್ಲಿ ಆ ದೇಶ ವರ್ಷಕ್ಕೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ವಾಹನ ತಯಾರಿಸ್ತಿತ್ತು. ಹಾಗಾದ್ರೆ ಎಡವಿದ್ದು ಎಲ್ಲಿ?

ಮೊದಲನೇದು, ಆಮದು ಸುಂಕ. 1980ರ ದಶಕದ ಮಧ್ಯದಲ್ಲಿ ಹೊರಗಿನ ಕಾರಿನ ಮೇಲೆ 57.5% ಸುಂಕ ಇತ್ತು. ಕೈಗಾರಿಕಾ ಸಚಿವ ಜಾನ್ ಬಟನ್ ತಂದ ಯೋಜನೆಯ ನಂತರ ಅದು ಹಂತಹಂತವಾಗಿ ಇಳಿದು 2010ಕ್ಕೆ 5% ಆಯ್ತು. ಗ್ರಾಹಕರಿಗೆ ಒಳ್ಳೇದೇ ಆಯ್ತು, ಆದರೆ ಕಾರ್ಖಾನೆಗಳಿಗೆ ಇದ್ದ ಬೇಲಿ ಹೋಯ್ತು.

ಎರಡನೇದು, ಪ್ರಮಾಣ. ಬಿ.ಕಾಂನಲ್ಲಿ 'ಎಕಾನಮೀಸ್ ಆಫ್ ಸ್ಕೇಲ್' ಅಂತ ನಾನು ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ದೆ. ನಿಜವಾಗಿ ಅರ್ಥ ಆಗಿದ್ದು ಈ ಕಥೆಯಿಂದ. ಸುಮ್ಮನೆ ಲೆಕ್ಕಕ್ಕೆ ಹೇಳ್ತೀನಿ: ಹೊಸ ಮಾಡೆಲ್‌ಗೆ ₹1,000 ಕೋಟಿ ಹಾಕಿದ್ರಿ ಅಂದ್ಕೊಳ್ಳಿ. ನಾಲ್ಕು ಲಕ್ಷ ಕಾರು ಮಾರಿದ್ರೆ ಒಂದೊಂದರ ತಲೆ ಮೇಲೆ ₹25,000. ಒಂದೇ ಲಕ್ಷ ಮಾರಿದ್ರೆ? ಒಂದು ಲಕ್ಷ ರೂಪಾಯಿ! 2013ರಲ್ಲಿ ಆಸ್ಟ್ರೇಲಿಯನ್ನರು 11 ಲಕ್ಷಕ್ಕೂ ಹೆಚ್ಚು ಹೊಸ ವಾಹನ ಕೊಂಡರು. ಆದರೆ ಫೋರ್ಡ್, ಹೋಲ್ಡನ್, ಟೊಯೊಟಾ ಮೂರೂ ಸೇರಿ ಅಲ್ಲಿ ತಯಾರಿಸಿದ್ದು ಎರಡು ಲಕ್ಷದ ಆಸುಪಾಸು.

ಸರಿ, ಹೊರದೇಶಕ್ಕೆ ಮಾರಬಹುದಿತ್ತಲ್ವಾ? ಟೊಯೊಟಾ ಮಾರ್ತಿತ್ತು ಕೂಡ. ಮೆಲ್ಬರ್ನ್‌ನ ಅಲ್ಟೋನಾದಲ್ಲಿ ಮಾಡಿದ ಕ್ಯಾಮ್ರಿ ಕಾರುಗಳು ಕೊಲ್ಲಿ ದೇಶಗಳಿಗೆ ಹೋಗ್ತಿದ್ವು. ಇಲ್ಲಿ ಬರುತ್ತೆ ಮೂರನೇ ಕಾರಣ: ಕರೆನ್ಸಿ. 2001ರಲ್ಲಿ ಒಂದು ಆಸ್ಟ್ರೇಲಿಯನ್ ಡಾಲರ್ ಅಂದ್ರೆ ಅಮೆರಿಕದ 50 ಸೆಂಟ್ ಆಸುಪಾಸು. ಚೀನಾ ಕಬ್ಬಿಣದ ಅದಿರು ಬಾಚಿಕೊಂಡು ಕೊಳ್ಳೋಕೆ ಶುರು ಮಾಡಿದ ಮೇಲೆ, 2011ರಲ್ಲಿ ಅದು ಒಂದು ಅಮೆರಿಕನ್ ಡಾಲರನ್ನೂ ದಾಟಿತು. ಕಾರ್ಖಾನೆಯಲ್ಲಿ ಒಂದು ಬೋಲ್ಟ್ ಕೂಡ ಬದಲಾಗಿಲ್ಲ, ಆದರೆ ಹೊರಗೆ ಕೊಳ್ಳೋರಿಗೆ ಅದೇ ಕಾರು ಎರಡು ಪಟ್ಟು ದುಬಾರಿ. ಗಣಿ ಗೆದ್ದಿತು, ಕಾರ್ಖಾನೆ ಸೋತಿತು.

ಇನ್ನು ಕೊನೇ ಪೆಟ್ಟು. ನೀವು ಐದು ಜನ ಸೇರಿ ಬಾಡಿಗೆ ಮನೆ ಮಾಡಿದ್ದೀರಿ ಅಂದ್ಕೊಳ್ಳಿ. ಒಬ್ಬ ಖಾಲಿ ಮಾಡಿದ್ರೆ ಉಳಿದವರ ಪಾಲು ಏರುತ್ತೆ. ಸೀಟು, ಗಾಜು, ಸೈಲೆನ್ಸರ್ ಮಾಡುವ ಬಿಡಿಭಾಗದ ಘಟಕಗಳೇ ಆ ಮನೆ. 1992ರಲ್ಲಿ ನಿಸ್ಸಾನ್ ಹೊರಟಿತು, 2008ರಲ್ಲಿ ಮಿತ್ಸುಬಿಶಿ. 2013ರ ಮೇನಲ್ಲಿ ಫೋರ್ಡ್, ಡಿಸೆಂಬರ್‌ನಲ್ಲಿ ಹೋಲ್ಡನ್ 'ನಾವು ಮುಚ್ತೀವಿ' ಅಂದ್ವು. 2014ರ ಫೆಬ್ರವರಿಯಲ್ಲಿ ಟೊಯೊಟಾ ಕೂಡ. ಒಂಬತ್ತೇ ತಿಂಗಳು!

ಸರ್ಕಾರ ಸಹಾಯಧನ ಮುಂದುವರಿಸಬೇಕಿತ್ತಾ? ಅದಾಗಲೇ ನೂರಾರು ಕೋಟಿ ಡಾಲರ್ ಕೊಟ್ಟಾಗಿತ್ತು. ದುಡ್ಡು ಸುರಿದರೆ ಸಮಯ ಸಿಗುತ್ತೆ, ಗಿರಾಕಿ ಸಿಗಲ್ಲ ಅನ್ನೋದು ನನ್ನ ಅಭಿಪ್ರಾಯ. ಆದರೆ ಎಲಿಜಬೆತ್‌ನಲ್ಲಿ ಇಪ್ಪತ್ತು ವರ್ಷ ವೆಲ್ಡಿಂಗ್ ಮಾಡಿದವರ ಮುಂದೆ ನಿಂತು ಈ ಮಾತು ಹೇಳೋದು ಸುಲಭ ಅಲ್ಲ. ಸುಂಕದ ಥರ ಮನುಷ್ಯರನ್ನ ಹಂತಹಂತವಾಗಿ ಇಳಿಸೋಕೆ ಆಗಲ್ಲ.

ಇದು ದೂರದ ಕಥೆ ಅನ್ನಿಸಬಹುದು. ಆದರೆ 2021ರಲ್ಲಿ ಫೋರ್ಡ್ ಭಾರತದಲ್ಲೂ ಕಾರು ತಯಾರಿಕೆ ನಿಲ್ಲಿಸ್ತೀವಿ ಅಂತು. ಅಲ್ಟೋನಾ ಮಾಡ್ತಿದ್ದ ಅದೇ ಕ್ಯಾಮ್ರಿ ನಮ್ಮ ಬಿಡದಿಯಲ್ಲೂ ಜೋಡಣೆ ಆಗುತ್ತೆ. ಮುಂದಿನ ಸಲ ಯಾವುದಾದ್ರೂ ಕಾರ್ಖಾನೆ ಬರುತ್ತೆ ಅನ್ನೋ ಸುದ್ದಿ ಓದಿದಾಗ, ಎಷ್ಟು ಉದ್ಯೋಗ ಅನ್ನೋದರ ಜೊತೆ ಇನ್ನೆರಡು ಪ್ರಶ್ನೆ ಕೇಳಿ: ವರ್ಷಕ್ಕೆ ಎಷ್ಟು ತಯಾರಿಸ್ತಾರೆ? ಅವರ ಬಿಡಿಭಾಗ ಮಾಡೋರಿಗೆ ಬೇರೆ ಗಿರಾಕಿ ಇದ್ದಾರಾ?

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.