ಸ್ವಿಚ್ಚಿನ ಕಡತಕ್ಕೊಂದು ನಕಲು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ರೈತರ ಪಹಣಿಯು ಒಂದು ಕಾಲಕ್ಕೆ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. 2000ನೆಯ ಇಸವಿಯ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯ ಮೂಲಕ ಅದು ಗಣಕಯಂತ್ರವನ್ನು ಸೇರಿತು. ತಾಲ್ಲೂಕು ಕೇಂದ್ರಗಳನ್ನು ಮಂಡ್ಯಕ್ಕೂ ಬೆಂಗಳೂರಿಗೂ ಕೂಡಿಸಲು ‘ಕೆಸ್ವಾನ್’ ಎಂಬ ಸರ್ಕಾರಿ ಜಾಲವೂ ಬಂದಿತು. ಇಂತಹ ಕಚೇರಿಯೊಳಗಿನ ಗಣಕಗಳನ್ನೆಲ್ಲ ಒಂದುಗೂಡಿಸುವ ಪೆಟ್ಟಿಗೆಗೆ ‘ಸ್ವಿಚ್ಚು’ ಎಂದು ಹೆಸರು. ದೀಪ ಹೊತ್ತಿಸುವ ಸ್ವಿಚ್ಚಿಗೂ ಇದಕ್ಕೂ ಹೆಸರಿನ ಹೊರತು ಹೆಚ್ಚಿನ ನಂಟಿಲ್ಲ. ಬಂದ ಸಂದೇಶವನ್ನು ತಕ್ಕ ತಂತಿಗೆ ತಿರುಗಿಸುವುದು ಇದರ ಕೆಲಸ.

ಯಾವ ತಂತಿ ಯಾವ ಗುಂಪಿಗೆ ಸೇರಿದ್ದು, ಯಾರಿಗೆ ಪ್ರವೇಶವುಂಟು ಎಂಬ ವಿವರಗಳು ಸ್ವಿಚ್ಚಿನೊಳಗೆ ಒಂದು ಚಿಕ್ಕ ಕಡತವಾಗಿರುತ್ತವೆ. ಸಿಡಿಲು ಬಡಿದು ಪೆಟ್ಟಿಗೆ ಸುಟ್ಟರೆ ಹೊಸತನ್ನು ಕೊಳ್ಳಬಹುದು. ಆದರೆ ಕಡತದ ನಕಲು ಬೇರೆಡೆ ಇಲ್ಲದಿದ್ದಲ್ಲಿ ಎಲ್ಲವನ್ನೂ ನೆನಪಿನಿಂದ ಮತ್ತೆ ಬರೆಯಬೇಕಾದೀತು. ಅಷ್ಟು ಹೊತ್ತೂ ಕಿಟಕಿಯ ಮುಂದೆ ಜನ ಕಾಯಬೇಕು. ಆದುದರಿಂದ ನಕಲು ತೆಗೆದಿರಿಸುವ ಬಗೆಯನ್ನು ನಾವು ಈಗ ನೋಡೋಣ.

ಇದಕ್ಕೆ ಬಹುಕಾಲದಿಂದ ಬಳಸುತ್ತಿರುವ ಕ್ರಮವೇ ‘ಟಿ.ಎಫ್.ಟಿ.ಪಿ.’. ‘ಕ್ಷುಲ್ಲಕ ಕಡತ ಸಾಗಣೆಯ ನಿಯಮ’ ಎಂದು ಅದರ ಅರ್ಥ. ಹೆಸರಿಟ್ಟವರ ವಿನಯ ದೊಡ್ಡದು! ಕರೆನ್ ಸಾಲಿನ್ಸ್ ಎಂಬ ಅಮೆರಿಕದ ವಿಜ್ಞಾನಿ 1981ರಲ್ಲಿ ಇದರ ನಿಯಮಗಳನ್ನು ಬರೆದು ಪ್ರಕಟಿಸಿದರು. 1992ರಲ್ಲಿ ಅವು ಪರಿಷ್ಕಾರಗೊಂಡವು.

ರಿಜಿಸ್ಟರ್ ಅಂಚೆಯ ಸ್ವೀಕೃತಿ ಕಾರ್ಡನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಸ್ವಿಚ್ಚು ಮೊದಲು ಗಣಕದ 69ನೆಯ ದ್ವಾರಕ್ಕೆ ‘ಬರೆಯಲು ಅಪ್ಪಣೆಯೇ?’ ಎಂದು ಕೇಳುತ್ತದೆ. ಗಣಕವು ‘ಸೊನ್ನೆ’ ಎಂಬ ಸಂಖ್ಯೆಯ ರಸೀತಿಯನ್ನು ಕಳುಹಿಸಿ ಒಪ್ಪುತ್ತದೆ. ಆಮೇಲೆ ಕಡತವು 512 ಬೈಟುಗಳ ತುಂಡುಗಳಾಗಿ ಹೊರಡುತ್ತದೆ. ಒಂದನೆಯ ತುಂಡಿಗೆ ರಸೀತಿ ಬಾರದೆ ಎರಡನೆಯದು ಹೊರಡುವುದಿಲ್ಲ. ತುಂಡೋ ರಸೀತಿಯೋ ದಾರಿಯಲ್ಲಿ ಕಳೆದರೆ, ಸ್ವಲ್ಪ ಕಾದು ಅದೇ ತುಂಡನ್ನು ಮತ್ತೆ ಕಳುಹಿಸಲಾಗುತ್ತದೆ. ಹಾಗಾದರೆ ಕಡತ ಮುಗಿಯಿತೆಂದು ತಿಳಿಯುವುದು ಹೇಗೆ? 6,000 ಬೈಟುಗಳ ಕಡತದಲ್ಲಿ 11 ತುಂಬಿದ ತುಂಡುಗಳಾದ ಮೇಲೆ 368 ಬೈಟು ಉಳಿಯುತ್ತದೆ. 512ಕ್ಕಿಂತ ಕಿರಿದಾದ ಈ 12ನೆಯ ತುಂಡೇ ಮುಕ್ತಾಯದ ಗುರುತು. ಕಡತವು ಸರಿಯಾಗಿ 5,632 ಬೈಟುಗಳಿದ್ದು 11 ತುಂಡುಗಳಲ್ಲೇ ಮುಗಿದರೋ? ಆಗ 12ನೆಯದಾಗಿ ಬರಿದಾದ ತುಂಡೊಂದನ್ನು ಕಳುಹಿಸುತ್ತಾರೆ. ಇಷ್ಟು ಸರಳವಾಗಿರುವುದರಿಂದಲೇ ಅತಿ ಚಿಕ್ಕ ಯಂತ್ರದ ಸ್ಮೃತಿಯಲ್ಲಿಯೂ ಈ ಕ್ರಮ ಹಿಡಿಸುತ್ತದೆ.

ಕೃಷ್ಣರಾಜಪೇಟೆಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಂತಹ ಕಡೆ ಓದುವವರು ಅಧ್ಯಾಪಕರ ಅನುಮತಿ ಪಡೆದು ಇದನ್ನು ಮಾಡಿನೋಡಬಹುದು. ಗಣಕಕ್ಕೆ 192.168.1.10, ಸ್ವಿಚ್ಚಿಗೆ 192.168.1.2 ಎಂಬಂತೆ ಒಂದೇ ಜಾಲದ ವಿಳಾಸಗಳನ್ನು ಕೊಡಬೇಕು. ಗಣಕದಲ್ಲಿ ಟಿ.ಎಫ್.ಟಿ.ಪಿ. ಸರ್ವರನ್ನು ನಡೆಯಿಸಿ, ಅದರ ಕಾವಲು ತಂತ್ರಾಂಶವು ಈ ಸಂದೇಶಗಳನ್ನು ತಡೆಯದಂತೆ ನೋಡಿಕೊಳ್ಳಬೇಕು. ಬಳಿಕ ಸಿಸ್ಕೋ ಮಾದರಿಯ ಸ್ವಿಚ್ಚಿನಲ್ಲಿ ‘ಕಾಪಿ ರನ್ನಿಂಗ್-ಕಾನ್ಫಿಗ್ ಟಿಎಫ್‌ಟಿಪಿ’ ಎಂಬ ಆಜ್ಞೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ, ಗಣಕದ ವಿಳಾಸವನ್ನೂ ಕಡತದ ಹೆಸರನ್ನೂ ಅದೇ ಕೇಳುತ್ತದೆ. ಹೆಸರಿನೊಡನೆ ತಾರೀಖನ್ನೂ ಸೇರಿಸುವುದು ಒಳ್ಳೆಯದು. ಲಿನಕ್ಸ್ ಗಣಕದ ಕೆಲವು ಸರ್ವರುಗಳು, ಅದೇ ಹೆಸರಿನ ಖಾಲಿ ಕಡತವನ್ನು ಮುಂದಾಗಿ ಇರಿಸದಿದ್ದರೆ ಬರೆಯಲೊಪ್ಪವು.

ಈ ಕ್ರಮದಲ್ಲಿ ಹೆಸರನ್ನಾಗಲಿ ಗುಪ್ತಪದವನ್ನಾಗಲಿ ಕೇಳುವ ಪದ್ಧತಿಯೇ ಇಲ್ಲ. ಕಡತವು ತೆರೆದ ಕಾಗದದಂತೆ ಸಾಗುತ್ತದೆ. ಸ್ವಿಚ್ಚಿನ ಗುಪ್ತಪದಗಳೂ ಅದರಲ್ಲಿರಬಹುದಾದುದರಿಂದ, ಒಂದೇ ಕೊಠಡಿಯೊಳಗೆ ಕೆಲಸ ಮುಗಿಸಿ ಸರ್ವರನ್ನು ನಿಲ್ಲಿಸಿಬಿಡುವುದು ಲೇಸು. ದೂರಕ್ಕೆ ಇದು ನಿಧಾನವೂ ಹೌದು. ಸ್ವಿಚ್ಚಿನ ತಂತ್ರಾಂಶವು 20 ಮೆಗಾಬೈಟಿದ್ದರೆ 40,960 ತುಂಡುಗಳು. ಒಂದು ತುಂಡು ಹೋಗಿ ರಸೀತಿ ಬರಲು ಕೊಠಡಿಯಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಭಾಗ ಹಿಡಿದರೆ ಒಟ್ಟು 41 ಸೆಕೆಂಡು ಸಾಕು. ನಾಗಮಂಗಲದಿಂದ ಬೆಂಗಳೂರಿನವರೆಗೆ ಅದರ ಇಪ್ಪತ್ತರಷ್ಟು ಹೊತ್ತು ಹಿಡಿಯುವುದೆಂದಿಟ್ಟುಕೊಂಡರೆ 13 ನಿಮಿಷ ಮೀರುತ್ತದೆ! ಅಂತಹ ದೂರಕ್ಕೆ, ಸಂದೇಶವನ್ನು ಗೂಢಲಿಪಿಯಲ್ಲಿ ಸಾಗಿಸುವ ‘ಎಸ್.ಸಿ.ಪಿ.’ ಕ್ರಮವೇ ಯೋಗ್ಯ.

ಮರಳಿ ತುಂಬುವಾಗ ಒಂದು ತೊಡಕುಂಟು. ಹೊಸ ಸ್ವಿಚ್ಚಿಗೆ ವಿಳಾಸವೇ ಇರದಿದ್ದರೆ ‘ಕನ್ಸೋಲ್’ ತಂತಿಯಿಂದ ಮೊದಲು ಅದನ್ನು ಕೊಡಬೇಕು. ಸಿಸ್ಕೋ ಮಾದರಿಯಲ್ಲಿ ನಕಲನ್ನು ‘ರನ್ನಿಂಗ್-ಕಾನ್ಫಿಗ್’ಗೆ ತುಂಬಿದರೆ ಅದು ಇದ್ದುದರೊಡನೆ ಬೆರೆಯುತ್ತದೆ, ‘ಸ್ಟಾರ್ಟಪ್-ಕಾನ್ಫಿಗ್’ಗೆ ತುಂಬಿ, ಪೆಟ್ಟಿಗೆಯನ್ನು ಮತ್ತೆ ಚಾಲೂ ಮಾಡಿದರೆ ಹಳೆಯ ವ್ಯವಸ್ಥೆ ಇದ್ದಂತೆಯೇ ಬರುತ್ತದೆ.