ಅರ್ಜಿಯಲ್ಲಿ ಬಂದ ಅಕ್ಷರಕ್ಕೂ ತಪಾಸಣೆ ಬೇಕು

2024ರ ಮೇ 7ರಿಂದ ಊಟಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. ಬೆಟ್ಟದ ಮೇಲಿನ ವಾಹನದಟ್ಟಣೆಯನ್ನು ಕಂಡು ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶವದು. 2025ರ ಬೇಸಿಗೆಗೆ ನ್ಯಾಯಾಲಯ ಮಿತಿಯನ್ನೂ ಹಾಕಿತು: ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನ. ಟಿಎನ್ 43 ಫಲಕದ ಸ್ಥಳೀಯ ಗಾಡಿಗಳಿಗೆ ವಿನಾಯಿತಿ. ಮೈಸೂರು, ಚಾಮರಾಜನಗರದ ಕಡೆಯಿಂದ ಹೊರಟವರು ಬಂಡೀಪುರ ದಾಟಿ ಕೆಕ್ಕನಹಳ್ಳದ ಚೆಕ್‌ಪೋಸ್ಟ್ ಮುಟ್ಟುವ ಮೊದಲೇ ಮೊಬೈಲಿನಲ್ಲಿ ಅರ್ಜಿ ತುಂಬಿರಬೇಕು.

ಅರ್ಜಿ ಎಂದರೆ ಅಪರಿಚಿತರು ತಮಗೆ ತೋಚಿದಂತೆ ಟೈಪ್ ಮಾಡಿದ ಅಕ್ಷರಗಳು. ಸರ್ಕಾರದ ದೊಡ್ಡ ಜಾಲತಾಣಕ್ಕೆ ಮಾತ್ರವಲ್ಲ, ಮಸಿನಗುಡಿಯ ಹೋಂಸ್ಟೇಯಲ್ಲಿ ಕೋಣೆ ಕಾಯ್ದಿರಿಸುವ ಅಥವಾ ಗೂಡಲೂರಿನಿಂದ ಟ್ಯಾಕ್ಸಿ ಕರೆಯುವ ಪುಟ್ಟ ಪುಟಕ್ಕೂ ಇದೇ ಪಾಡು. ಇಂಥ ಸಣ್ಣ ಪುಟಗಳನ್ನು ಬರೆಯಲು ಕೂರುವ ಎಂಜಿನಿಯರಿಂಗ್ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಲೇಖನ ಬರೆಯುತ್ತಿದ್ದೇನೆ.

‘ಎಷ್ಟು ಜನ?’ ಎಂಬ ಜಾಗದಲ್ಲಿ ಒಬ್ಬರು ‘2+3’ ಎಂದು ತುಂಬುತ್ತಾರೆ ಎನ್ನೋಣ. ದೊಡ್ಡವರು ಇಬ್ಬರು, ಮಕ್ಕಳು ಮೂವರು. ಪೈಥಾನ್ ಭಾಷೆಯ ‘ಇವ್ಯಾಲ್’ ಎಂಬ ಆಜ್ಞೆಗೆ ಅದನ್ನು ಕೊಟ್ಟರೆ 5 ಎಂಬ ಉತ್ತರ ಬರುತ್ತದೆ, ಕೆಲಸ ಮುಗಿಯಿತು ಅನಿಸುತ್ತದೆ. ಅಪಾಯ ಇರುವುದು ಇಲ್ಲೇ. ಅಪರಿಚಿತ ತಂದುಕೊಟ್ಟ ಚೀಟಿಯನ್ನು ಓದುವುದು ಬೇರೆ, ಚೀಟಿಯಲ್ಲಿ ಬರೆದಂತೆ ಮಾಡಿಬಿಡುವುದು ಬೇರೆ. ಇವ್ಯಾಲ್ ಎರಡನೆಯದನ್ನು ಮಾಡುತ್ತದೆ. ‘2+3’ ಇದ್ದ ಜಾಗದಲ್ಲಿ ಕಡತ ಅಳಿಸುವ ಆಜ್ಞೆ ಬಂದರೆ ಕಡತ ಅಳಿಯುತ್ತದೆ. ಒಂಬತ್ತರ ಘಾತ ಒಂಬತ್ತು, ಅದರ ಮೇಲೆ ಮತ್ತೊಂದು ಘಾತ ಒಂಬತ್ತು ಎಂದು ಬರೆದರೆ ಸರ್ವರ್ ಲೆಕ್ಕದಲ್ಲೇ ಸಿಕ್ಕಿಬೀಳುತ್ತದೆ. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ದೋಷ ಜಗತ್ತಿನಾದ್ಯಂತ ಸರ್ವರ್‌ಗಳನ್ನು ಅಲುಗಾಡಿಸಿದ್ದೂ ಹೀಗೆಯೇ: ದಾಖಲಿಸಿಕೊಳ್ಳಬೇಕಿದ್ದ ಒಂದು ಸಾಲನ್ನು ತಂತ್ರಾಂಶ ಆಜ್ಞೆಯೆಂದು ಪಾಲಿಸಿತ್ತು.

ಪೈಥಾನಿನಲ್ಲಿ ‘ಲಿಟರಲ್ ಇವ್ಯಾಲ್’ ಎಂಬ ಕಟ್ಟುನಿಟ್ಟಿನ ದಾರಿಯೂ ಇದೆ. ಅಂಕಿ, ಅಕ್ಷರ, ಪಟ್ಟಿಯಂಥ ನೇರ ಮೌಲ್ಯಗಳನ್ನು ಮಾತ್ರ ಅದು ಒಪ್ಪುತ್ತದೆ, ‘2+3’ ಅನ್ನೂ ತಿರಸ್ಕರಿಸುತ್ತದೆ. ಆದರೆ ಕೆಡುಕಿಗೆಂದೇ ಹೆಣೆದ ಬರಹ ಕೊಟ್ಟರೆ ಅದೂ ಸ್ಮೃತಿ ಮುಗಿದು ಕುಸಿಯಬಹುದು ಎಂದು ಪೈಥಾನಿನ ಅಧಿಕೃತ ಕೈಪಿಡಿಯೇ ಎಚ್ಚರಿಸುತ್ತದೆ. ಈ ಅರ್ಜಿಯ ಮಟ್ಟಿಗೆ ನನ್ನ ಅಭಿಪ್ರಾಯ ಸರಳ: ಮೊದಲು ಉದ್ದಕ್ಕೆ ಮಿತಿ ಹಾಕಿ, ಕೂಡುವ ಗುರುತಿನಲ್ಲಿ ಬರಹವನ್ನು ಒಡೆದು, ಪ್ರತಿ ತುಂಡನ್ನೂ ‘ಇಂಟ್’ ಮೂಲಕ ಸಂಖ್ಯೆಯಾಗಿಸಿ. ಇವ್ಯಾಲ್ ಹತ್ತಿರಕ್ಕೂ ಬರಬಾರದು.

ಹಾಗೆ ಬರೆದದ್ದು ನಿಜಕ್ಕೂ ಗಟ್ಟಿಯಾಗಿದೆಯೇ ಎಂದು ತಿಳಿಯುವುದಕ್ಕೆ ಪ್ಯಾರಾಮೀಟರ್ ಕೊಟ್ಟು ನಡೆಸುವ ಯೂನಿಟ್ ಟೆಸ್ಟ್ ಬೇಕು. ಪರೀಕ್ಷೆಯನ್ನು ಒಮ್ಮೆ ಬರೆದು, ಒಳಹಾಕುವ ಬರಹಗಳನ್ನೂ ನಿರೀಕ್ಷಿತ ಉತ್ತರಗಳನ್ನೂ ಪಟ್ಟಿಯಾಗಿ ಕೊಡುವ ವಿಧಾನ ಇದು. ಪೈಥಾನಿನ ಪರೀಕ್ಷಾ ಸಾಧನವಾದ ಪೈಟೆಸ್ಟ್‌ನಲ್ಲಿ ಇದಕ್ಕೆ ‘ಪ್ಯಾರಾಮೆಟ್ರೈಸ್’ ಎಂಬ ಸೌಲಭ್ಯವಿದೆ. ಸಾಮಾನ್ಯ ಲೂಪಿನಲ್ಲಿ ಮೊದಲ ಸಾಲು ಸೋತರೆ ಉಳಿದವು ಓಡುವುದೇ ಇಲ್ಲ. ಇಲ್ಲಿ ಪ್ರತಿ ಸಾಲೂ ಸ್ವತಂತ್ರ ಪರೀಕ್ಷೆಯಾದ್ದರಿಂದ ಯಾವ ಬರಹ ಸೋರಿತು ಎಂಬುದು ಹೆಸರು ಸಮೇತ ಕಾಣುತ್ತದೆ. ಕಡತ ಸೃಷ್ಟಿಸಲು ಹವಣಿಸುವ ಬರಹಕ್ಕೆ ‘ತಿರಸ್ಕೃತ’ ಎಂಬ ಉತ್ತರ ಬಂದರೆ ಸಾಲದು. ಆ ಕಡತ ಹುಟ್ಟಿಲ್ಲ ಎಂಬುದನ್ನೂ ಅದೇ ಪರೀಕ್ಷೆ ನೋಡಬೇಕು. ‘-3’ ಜನ ಎಂಬ ಸಾಲೂ ಇರಲಿ, ಇಂಟ್ ಅದನ್ನು ತಡೆಯುವುದಿಲ್ಲ. ಸಾವಿರಾರು ಅಂಕಿಗಳ ಸಾಲೂ ಇರಲಿ. ಅಂಥ ಉದ್ದದ ಸಂಖ್ಯೆಗಳಿಂದ ಸರ್ವರನ್ನು ಕಟ್ಟಿಹಾಕಬಹುದೆಂದು ತಿಳಿದು 2022ರಲ್ಲಿ ಪೈಥಾನ್ ಈ ಪರಿವರ್ತನೆಗೆ 4,300 ಅಂಕಿಗಳ ಮಿತಿ ಹಾಕಿತು. ವಾಹನ ಸಂಖ್ಯೆಗೆ ಕೆಎ 10, ಕೆಎಲ್ 12 ಜೊತೆಗೆ 2021ರಲ್ಲಿ ಬಂದ ಬಿಎಚ್ ಸರಣಿಯನ್ನೂ ಸೇರಿಸಿ. ಅದರಲ್ಲಿ ರಾಜ್ಯದ ಅಕ್ಷರ ಮೊದಲು ಬರುವುದಿಲ್ಲ, ವರ್ಷದ ಅಂಕಿ ಬರುತ್ತದೆ.

ಇನ್ನು ಕನ್ನಡದ ಸಾಲುಗಳು. ಸಿದ್ಧ ಪಟ್ಟಿಗಳನ್ನು ನಕಲು ಮಾಡಿಕೊಂಡವರು ಎಡವುವುದು ಇಲ್ಲಿ. ‘೧೦’ ಎಂದು ಕನ್ನಡ ಅಂಕಿಗಳಲ್ಲಿ ತುಂಬಿದರೆ ಇಂಟ್ ಅದನ್ನು ಸರಿಯಾಗಿ 10 ಎಂದೇ ಓದುತ್ತದೆ. ಆದರೆ ಸೊನ್ನೆಯ ಬದಲು ಅನುಸ್ವಾರ ಒತ್ತಿ ‘೧ಂ’ ಎಂದು ಬರೆದರೆ ದೋಷ ತೋರಿಸುತ್ತದೆ. ಕಣ್ಣಿಗೆ ಎರಡೂ ಒಂದೇ, ಯೂನಿಕೋಡಿನಲ್ಲಿ ಬೇರೆ ಬೇರೆ. ಬರೆದವರಲ್ಲಿ ಕೆಡುಕೇನೂ ಇಲ್ಲ, ಆದ್ದರಿಂದ ಅಲ್ಲಿ ಸ್ಪಷ್ಟವಾದ ಸೂಚನೆ ಬರಬೇಕು, ಪುಟ ಕುಸಿಯಬಾರದು.

ಹೆಸರಿನ ಜಾಗದ ತೊಡಕು ಇನ್ನೂ ದೊಡ್ಡದು. ಸುರಕ್ಷತೆಯ ಹೆಸರಿನಲ್ಲಿ ‘ಅಕ್ಷರಗಳು ಮಾತ್ರ’ ಎಂದು ‘ಈಸ್‌ಆಲ್ಫಾ’ ಪರೀಕ್ಷೆ ಇಟ್ಟರೆ ‘ಕಮಲ’ ಪಾಸಾಗುತ್ತಾಳೆ, ‘ಗಿರಿಜೆ’ ಬಾಗಿಲಲ್ಲೇ ಉಳಿಯುತ್ತಾಳೆ. ಊಟಿ, ಕೂನೂರು, ಮಸಿನಗುಡಿ ಯಾವುದೂ ಒಳಗೆ ಬರುವುದಿಲ್ಲ. ಗುಣಿತದ ಚಿಹ್ನೆಗಳನ್ನು ಆ ಪರೀಕ್ಷೆ ಅಕ್ಷರವೆಂದು ಎಣಿಸುವುದಿಲ್ಲ. ರಾಜ್‌ಕುಮಾರ್ ಎಂಬ ಹೆಸರಿನ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ, ಅದನ್ನು ಅನುಮಾನಾಸ್ಪದ ಎಂದು ತಳ್ಳಿಹಾಕುವ ಜರಡಿಗಳೂ ಇವೆ. ತನ್ನ ಹೆಸರನ್ನು ತನ್ನ ಲಿಪಿಯಲ್ಲಿ ಬರೆದವರನ್ನು ಹೊರಗಿಡುವ ಕಾವಲನ್ನು ನಾನು ಸುರಕ್ಷಿತ ಎಂದು ಕರೆಯಲಾರೆ. ಒಪ್ಪಲೇಬೇಕಾದ ಬರಹಗಳ ಪಟ್ಟಿ ತಿರಸ್ಕರಿಸಬೇಕಾದವುಗಳ ಪಟ್ಟಿಯಷ್ಟೇ ಉದ್ದವಾಗಿರಬೇಕು.

2018ರ ಫೆಬ್ರುವರಿಯಲ್ಲಿ ತೆಲುಗಿನ ಒಂದೇ ಒಂದು ಒತ್ತಕ್ಷರ ಐಫೋನಿನ ಆ್ಯಪ್‌ಗಳನ್ನು ಕುಸಿಯುವಂತೆ ಮಾಡಿತ್ತು. ಆಪಲ್ ಕೆಲವೇ ದಿನಗಳಲ್ಲಿ ಐಒಎಸ್ 11.2.6 ತಂದು ಸರಿಪಡಿಸಿತು. ಕೋಟ್ಯಂತರ ಜನ ಬರೆಯುವ ಲಿಪಿಯ ಆ ಅಕ್ಷರ, ಅಷ್ಟು ದೊಡ್ಡ ಸಂಸ್ಥೆಯ ತಪಾಸಣೆಗಳನ್ನು ದಾಟಿ ಗ್ರಾಹಕರ ಕೈಗೆ ಬಂದುಬಿಟ್ಟಿತ್ತು.

ಗುಂಡ್ಲುಪೇಟೆಯಲ್ಲೋ ಗೂಡಲೂರಿನಲ್ಲೋ ಕೂತು ಪ್ರೋಗ್ರಾಮ್ ಬರೆಯುವ ಗೆಳೆಯರೇ, ನಿಮ್ಮ ಮುಂದಿನ ಪರೀಕ್ಷೆಯ ಪಟ್ಟಿಗೆ ‘೧ಂ’, ‘ಗಿರಿಜೆ’, ‘ಮಸಿನಗುಡಿ’ ಈ ಮೂರು ಸಾಲುಗಳನ್ನು ಇವತ್ತೇ ಸೇರಿಸಿ. ಬಳಕೆದಾರರು ತುಂಬಿದ ಯಾವುದೇ ಬರಹ ನಿಮ್ಮ ಪುಟವನ್ನು ಕೆಡಿಸಿದರೆ ಅದನ್ನೂ ಆ ಪಟ್ಟಿಗೆ ಬರೆದಿಡಿ, ಮುಂದೆ ಕೋಡ್ ಬದಲಿಸುವವರು ಅದನ್ನು ದಾಟಿಯೇ ಹೋಗಲಿ.