ಹರಡಿನ ಎಲುಬೂ ಅದರ ಕಟ್ಟೂ

ನಮ್ಮ ಬಿಳಿಗೆರೆಯ ಸುತ್ತಣ ತೆಂಗಿನ ಸೀಮೆಯಲ್ಲಿ ಕಾಲಿಗೆ ಅಪಾಯವೊದಗುವ ಸಂದರ್ಭಗಳು ಅನೇಕ. ತೋಟದ ಬದುವಿನಿಂದ ಇಳಿಯುವಾಗ ಪಾದ ಹೊರಳುವುದುಂಟು; ಉದುರಿದ ಕಾಯಿಯನ್ನು ಮೆಟ್ಟಿ ಜಾರುವುದುಂಟು; ಉಂಡೆಕೊಬ್ಬರಿಗೆಂದು ಕಾಯಿ ತುಂಬಿದ ಅಟ್ಟದಿಂದ ಇಳಿಯುವಾಗ ಏಣಿಯ ಮೆಟ್ಟಿಲು ತಪ್ಪುವುದುಂಟು. ಕಾಲಿನ ಹರಡು ಊದಿದೊಡನೆ, “ಉಳುಕಿದೆ, ನೀವಿದರೆ ಸರಿಹೋಗುವುದು” ಎಂಬುದು ಮನೆಮನೆಯ ಮಾತು. ಈ ಮಾತು ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಾಚಕರು ವಿಚಾರಿಸತಕ್ಕದ್ದು.

ಸಂಸ್ಕೃತದಲ್ಲಿ ಗುಲ್ಫವೆನಿಸಿದ ಈ ಸಂಧಿಯಲ್ಲಿ ಮೂರು ಎಲುಬುಗಳು ಕೂಡಿವೆ. ಕಣಕಾಲಿನ ದಪ್ಪ ಎಲುಬೂ ಅದರ ಹೊರಮಗ್ಗುಲ ಸಣ್ಣ ಎಲುಬೂ ಇಕ್ಕುಳದಂತೆ ಪಾದದ ಮೇಲಣ ಎಲುಬನ್ನು ಹಿಡಿದಿರುವುವು. ಇಕ್ಕುಳ ಸಡಿಲದಂತೆ ಕಾಯುವುವು ಅಸ್ಥಿರಜ್ಜುಗಳು. ಇಂದಿನ ಕನ್ನಡದಲ್ಲಿ ಸ್ನಾಯುವೆಂದರೆ ಮಾಂಸಖಂಡ. ಸುಶ್ರುತಸಂಹಿತೆಯಲ್ಲಾದರೋ ಅದು ಸಂಧಿಗಳನ್ನು ಬಿಗಿಯುವ ಕಟ್ಟು. ಸ್ನಾಯುವಿಗಾದ ಆಘಾತವು ಎಲುಬಿಗಾದುದಕ್ಕಿಂತಲೂ ಘೋರವೆಂಬುದು ಆ ಆಚಾರ್ಯನ ಅಭಿಪ್ರಾಯ.

ತೊಡಕಿರುವುದು ಇಲ್ಲಿಯೇ. 1895ರಲ್ಲಿ ಜರ್ಮನಿಯ ರಾಂಟ್‌ಜನ್ನನು ಕಂಡುಹಿಡಿದ ಎಕ್ಸ್‌ರೇ ಎಲುಬನ್ನು ತೋರಿಸುವುದೇ ಹೊರತು ರಜ್ಜುವನ್ನು ತೋರಿಸದು. ಹೊರಮಗ್ಗುಲ ಎಲುಬಿನ ಬಿರುಕೊಂದೇ ಚಿತ್ರದಲ್ಲಿ ಕಂಡರೂ ಒಳಮಗ್ಗುಲ ರಜ್ಜು ಹರಿದಿರಬಹುದು. ಆದಕಾರಣ ವೈದ್ಯರು ಎಲುಬುಗಳ ನಡುವಣ ಸಂದನ್ನು ಅಳೆಯುವರು; ಪಾದವನ್ನು ಹೊರಕ್ಕೆ ತಿರುಗಿಸಿಯೋ, ರೋಗಿಯನ್ನು ನಿಲ್ಲಿಸಿಯೋ ಮತ್ತೊಂದು ಚಿತ್ರ ತೆಗೆಸುವರು. ಹಿಂಬದಿಯ ಎಲುಬಿನ ಚೂರನ್ನು ಅರಿಯಲು ಸಿ.ಟಿ.ಯೂ, ರಜ್ಜುವನ್ನೇ ಕಾಣಲು ಎಂ.ಆರ್.ಐ.ಯೂ ಉಂಟು.

ಸಂದು ತುಸು ಅಗಲವಾದರೇನು ಎನ್ನಬಾರದು. ಪಾದದೆಲುಬು ಹೊರಕ್ಕೆ ಕೇವಲ 1 ಮಿಲಿಮೀಟರು ಸರಿದರೂ ಸಂಧಿಯ ಎಲುಬುಗಳು ಪರಸ್ಪರ ತಾಗುವ ಸ್ಥಳ ಸರಾಸರಿ ಶೇಕಡ 42ರಷ್ಟು ಕುಗ್ಗುವುದೆಂದು ರಾಮ್ಸೆ, ಹ್ಯಾಮಿಲ್ಟನ್ ಎಂಬವರು 1976ರಲ್ಲಿ ತೋರಿಸಿಕೊಟ್ಟರು. ದೇಹದ ಭಾರವೆಲ್ಲ ಅಲ್ಪಸ್ಥಳದ ಮೇಲೆ ಬಿದ್ದು ಕೀಲು ಬೇಗನೆ ಸವೆಯುವುದು.

ಸಂಧಿ ಭದ್ರವಾಗಿದ್ದರೆ ಪಟ್ಟಿಯೇ ಸಾಕು. ಸಡಿಲಿದ್ದರೆ ಶಸ್ತ್ರಚಿಕಿತ್ಸೆ. ಶಸ್ತ್ರವೈದ್ಯರು ಮೊದಲು ಎಲುಬನ್ನು ಅದರ ಸಹಜವಾದ ಉದ್ದಕ್ಕೆ ತಂದು ಲೋಹದ ಪಟ್ಟಿಯಿಂದಲೂ ತಿರುಪುಗಳಿಂದಲೂ ಕೂಡಿಸುವರು. ಬಳಿಕ ಕೊಕ್ಕೆಯಿಂದ ಸೆಳೆದು, ಎರಡು ಎಲುಬುಗಳೂ ಅಗಲುವುವೋ ಎಂದು ಪರೀಕ್ಷಿಸುವರು. ಅಗಲಿದರೆ ಎರಡಕ್ಕೂ ಅಡ್ಡವಾಗಿ ತಿರುಪನ್ನೋ, ಎರಡು ತುದಿಗೂ ಗುಂಡಿಯುಳ್ಳ ಗಟ್ಟಿ ದಾರವನ್ನೋ ಬಿಗಿಯುವರು. ಆ ಆಸರೆಯಲ್ಲಿ ರಜ್ಜು ತಾನಾಗಿ ಕೂಡಿಕೊಳ್ಳುವುದು. ಒಳಮಗ್ಗುಲ ರಜ್ಜುವನ್ನು ಹೊಲಿಯಬೇಕೇ ಎಂಬ ವಿಷಯದಲ್ಲಿ ವೈದ್ಯರಲ್ಲಿ ಭಿನ್ನಾಭಿಪ್ರಾಯವುಂಟು. ಅನೇಕ ವಾರಗಳ ಕಾಲ, ವೈದ್ಯರು ಹೇಳುವವರೆಗೆ, ಕಾಲೂರಬಾರದು.

ಮನೆಯವರು ಅರಿಯಬೇಕಾದುದು ಇಷ್ಟು. ಕೆನಡಾ ದೇಶದ ಆಟವಾ ನಗರದ ವೈದ್ಯರು 1992ರಲ್ಲಿ ಸುಲಭವಾದ ನಿಯಮವೊಂದನ್ನು ಪ್ರಕಟಿಸಿದರು. ಹರಡಿನ ಬಳಿ ನೋವಿದ್ದು, ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ, ಅಥವಾ ಹರಡಿನ ಗಿಣ್ಣುಗಳ ತುದಿಯನ್ನೋ ಹಿಂಬದಿಯ ಅಂಚನ್ನೋ ಒತ್ತಿದಾಗ ಎಲುಬೇ ನೋಯುತ್ತಿದ್ದರೆ ಎಕ್ಸ್‌ರೇ ಅವಶ್ಯ. ಅಲ್ಲಿಯವರೆಗೆ ನೀವುವುದೂ ಎಳೆಯುವುದೂ ಬೇಡ. ಕಾಲನ್ನು ದಿಂಬಿನ ಮೇಲೆ ಎತ್ತರಿಸಿಟ್ಟು ತಣ್ಣೀರಿನ ಬಟ್ಟೆ ಹಾಕಿರಿ. ಪಾದವು ತಣ್ಣಗಾಗಿ ಬಿಳಿಚಿದರೆ, ಜೋಮು ಹಿಡಿದರೆ, ಗಾಯದಲ್ಲಿ ಎಲುಬು ಕಂಡರೆ ಕ್ಷಣವೂ ತಡೆಯದೆ ತಿಪಟೂರಿಗೋ ತುಮಕೂರಿಗೋ ಆಸ್ಪತ್ರೆಗೆ ಕರೆದೊಯ್ಯಿರಿ.

ನಾಟಿಕಟ್ಟು ಕಟ್ಟುವವರ ಕೈಚಳಕವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ 1 ಮಿಲಿಮೀಟರಿನ ಸಂದನ್ನು ಯಾವ ಬೆರಳೂ ಅರಿಯದು. ಮರವೇರಿ ಕಾಯಿ ಕೀಳುವವನಿಗೆ ಪಾದವೇ ಹೊಲ, ಪಾದವೇ ಮನೆ. ಅವನಿಗೆ ಕೆಲವು ವಾರಗಳ ಕೂಲಿ ಹೋದರೆ ಮತ್ತೆ ದುಡಿದಾನು. ಕೀಲು ಸವೆದರೆ ಮರವೇರುವುದೆಂತು? ಅವನನ್ನು ಕೆಲಸಕ್ಕೆ ಕರೆಯುವ ತೋಟದವರೂ ಇದನ್ನು ನೆನೆಯುವುದು ಧರ್ಮ.